ತುತ್ತೂರಿಗೆ ಜವಾಬು

ಗಂಗಾವತಿಯ ಶಫೀಸಾಬ ಕಸುಬಿನಿಂದ ದರ್ಜಿ. ಆದರೆ ಎಪ್ಪತ್ತರ ದಶಕದಲ್ಲಿ ಕೊಪ್ಪಳ, ಕುಷ್ಟಗಿ ಕಡೆ ಅವನನ್ನು ದರ್ಜಿ ಎಂದು ಯಾರೂ ಕರೆಯುತ್ತಿರಲಿಲ್ಲ. ಅವನು ಜೋಡಿ ಬ್ಯಾಂಡಿನ ಕ್ಲಾರಿಯೋನೆಟ್‌ನವನು. ಜೋಡಿ ಎಂದರೆ ಅವನು ಮತ್ತು ಅದೇ ಓಣಿಯ ಗೆಳೆಯ, ತುತ್ತೂರಿ ಊದುವ ಯಂಕೋಬ.

ಮದುವೆಯ ಮೆರವಣಿಗೆಗೆ ಬಾಜಾದವರು ನಮ್ಮ ಕಡೆ ಮೊದಲೂ ಇದ್ದರು. ಅವರೆಲ್ಲ ಒಂದೇ ಧಾಟಿಯನ್ನು ಒಟ್ಟಿಗೆ ಊದುತ್ತಿದ್ದರು. ಇವರಿಬ್ಬರು ಅದನ್ನು ಪಾಲು ಮಾಡಿಕೊಂಡರು. ಯಂಕೋಬ ಮೆರವಣಿಗೆಯ ಮುಂದೆ ನಿಂತು ಒಂದು ಸಾಲು ಊದಿ ಕೇಳುವನು. ಶಫೀಸಾಬ ಹಿಂದಿನಿಂದ ಜವಾಬು ಕೊಡುವನು. ನಡುವೆ ಮದುಮಗನ ಕುದುರೆ. ಜನ ಮದುಮಗನನ್ನು ಬಿಟ್ಟು, ಅತ್ತ ಒಮ್ಮೆ ಇತ್ತ ಒಮ್ಮೆ ಕತ್ತು ಹೊರಳಿಸುತ್ತಿದ್ದರು.

ಜೋಡಿ ಬ್ಯಾಂಡ್ ಬಿಡುವಾಗಿಲ್ಲವೆಂದು ಮದುವೆಯ ದಿನ ಮುಂದಕ್ಕೆ ಹಾಕಿದವರಿದ್ದರು. ಯಂಕೋಬ ಟೊಪ್ಪಿಗೆಯನ್ನು ಎಡಗಿವಿಯ ಮೇಲೆ ಓರೆ ಮಾಡಿದರೆ ಯಲಬುರ್ಗಿಯ ಹುಡುಗರ ಟೊಪ್ಪಿಗೆಗಳೂ ಓರೆಯಾದವು. ಶಫೀಸಾಬ ಬ್ಯಾಂಡಿನವರಿಗೆ ಹೊಲಿದಿದ್ದ ಕೆಂಪು ಕೋಟಿನಂಥದ್ದೇ ಬೇಕೆಂದು ಮದುಮಕ್ಕಳು ಅವನ ಅಂಗಡಿಗೆ ಬಂದರು. ನವಲಿಯ ಗದ್ದೆಗಳಲ್ಲಿ ಭತ್ತ ನಾಟಿ ಮಾಡುವ ಹೆಂಗಸರು ತಮ್ಮ ಹಾಡನ್ನು ಎರಡು ಗುಂಪಾಗಿ ಹಾಡತೊಡಗಿದರು. ಈ ಬದುವಿನವರು ಕೇಳಿದರೆ ಆ ಬದುವಿನವರು ಜವಾಬು ಕೊಡುವರು. ಬ್ಯಾಂಡು ನೋಡದಿದ್ದ ಮುದುಕಿಯರ ಬಾಯಲ್ಲೂ ಅದೇ ಧಾಟಿ.

ಬ್ಯಾಂಡಿನವರದು ಒಂದು ಕಟ್ಟುಪಾಡು ಇತ್ತು. ಮದುವೆ ಮನೆಯಲ್ಲಿ ಬಾಜಾದವರಿಗೆ ಕಡೆಯ ಪಂಕ್ತಿ. ಆದರೆ ತಮ್ಮವರೆಲ್ಲ ಒಟ್ಟಿಗೆ ಕೂತ ಮೇಲೇ ಅವರಲ್ಲಿ ಯಾರಾದರೂ ತುತ್ತು ಎತ್ತಬೇಕು. ೧೯೮೧ರಲ್ಲಿ ಯಲಬುರ್ಗಿಯ ಒಂದು ಮದುವೆಯಲ್ಲಿ ಹೆಣ್ಣಿನ ತಂದೆ ಬಂದು, "ಯಂಕೋಬಣ್ಣಾರ, ನೀವು ಒಳಗ ಬರ್ರಿ. ಬೀಗರ ಜೋಡಿ ಕುಂದರ್ರಿ" ಎಂದು ಕೈ ಹಿಡಿದ. ಯಂಕೋಬ ಒಮ್ಮೆ ಹಿಂದೆ ನೋಡಿದ, ಹೋದ. ಶಫೀಸಾಬ ಎಲೆಯ ಮುಂದಿನಿಂದ ಎದ್ದ.

ಊರಿಗೆ ಮರಳುವ ಲಾರಿಯಲ್ಲಿ ಅವನೇ ಮಾತು ತೆಗೆದ.

"ಹೆಂಗಿತ್ತಪಾ ಒಳಗಿನ ಹೋಳಿಗಿ?"

"ಹೊರಗೂ ಅದನ ನೀಡ್ಯಾರಲ್ಲೋ."

"ನಾ ತಿಂದಿಲ್ಲ. ನನಗೇನ ಗೊತ್ತು?"

"ಲೇ ಶಫ್ಯಾ, ಕೈ ಹಿಡದು ಕರದ್ರು. ಒಲ್ಲೆ ಅಂದ್ರ ಅವ್ರಿಗೆ ಅವಮಾನ ಆಗ್ತಿದ್ದಿಲ್ಲೇನು?"

"ನಮಗ?"

ಮುಂದಿನ ಮದುವೆ ಸುಗ್ಗಿಗೆ ಗಂಗಾವತಿಯಲ್ಲಿ ಎರಡು ಬ್ಯಾಂಡುಗಳಾದವು.

ಶಫೀಸಾಬ ತನ್ನ ಬ್ಯಾಂಡಿನ ತುತ್ತೂರಿಗೆ ಹುಲಗಪ್ಪನೆಂಬ ಯುವಕನನ್ನು ತಯಾರು ಮಾಡಿದ. ಹುಲಗಪ್ಪನ ಉಸಿರು ಗಟ್ಟಿ, ಸ್ವರ ಶುದ್ಧ. ಆದರೆ ಅವನ ತುತ್ತೂರಿ ಏನನ್ನೂ ಕೇಳುತ್ತಿರಲಿಲ್ಲ, ಬರೀ ಹೇಳುತ್ತಿತ್ತು. ಹೇಳಿದ್ದಕ್ಕೆ ಜವಾಬು ಕೊಡುವುದು ಹೇಗೆ? ಯಂಕೋಬನ ಹಿಂದೆ ಇನ್ನೊಂದು ಸಲ ನಿಂತು ಊದಬೇಕೆಂದು ಶಫೀಸಾಬನ ಜೀವ ಎಳೆಯುತ್ತಿತ್ತು. ಇಬ್ಬರ ಮನೆಗಳ ನಡುವೆ ಒಂದೇ ಓಣಿ. ಮೊದಲು ಯಾರು ದಾಟಬೇಕು ಎಂಬುದರಲ್ಲೇ ವರ್ಷಗಳು ಹೋದವು.

೧೯೮೫ರ ಬೇಸಿಗೆಯಲ್ಲಿ ಕುಷ್ಟಗಿಯ ಬಜಾರಿನಲ್ಲಿ ಎರಡು ಮೆರವಣಿಗೆಗಳು ಎದುರಾದವು. ಒಂದರ ಮುಂದೆ ಶಫೀಸಾಬ, ಇನ್ನೊಂದರ ಮುಂದೆ ಯಂಕೋಬ. ಹಾಗೆ ಎದುರಾದರೆ ದಾರಿ ಬಿಡುವವರು ಯಾರೆಂದು ಬ್ಯಾಂಡುಗಳೇ ತೀರ್ಮಾನಿಸಬೇಕು. ಎರಡೂ ತಮ್ಮ ತಮ್ಮ ಧಾಟಿ ಊದುತ್ತ ನಿಲ್ಲುತ್ತವೆ. ಧಾಟಿ ಬದಲಿಸಬಹುದು, ಆದರೆ ಮೊದಲು ಯಾರು ಊದುವುದನ್ನು ನಿಲ್ಲಿಸಿದರೋ, ಇಲ್ಲವೇ ಎದುರಿನವರ ಧಾಟಿಗೆ ಸೇರಿದರೋ ಅವರ ಮದುಮಗ ಬದಿಗೆ ಸರಿಯಬೇಕು.

ಬಹಳ ಹೊತ್ತು ಯಾರೂ ಸೋಲಲಿಲ್ಲ. ಆಗ ಯಂಕೋಬ ಹೊಸ ಧಾಟಿ ಬಿಟ್ಟು ಜೋಡಿ ಬ್ಯಾಂಡಿನ ಹಳೆಯದೊಂದನ್ನು ಎತ್ತಿಕೊಂಡ. ಮೊದಲ ಸಾಲು ಮೇಲಕ್ಕೆ ಏರಿ, ಕೇಳಿ, ನಿಂತಿತು.

ಶಫೀಸಾಬ ಜವಾಬು ಕೊಟ್ಟುಬಿಟ್ಟ.

ಯೋಚಿಸಿ ಊದಿದ್ದಲ್ಲ. ಅವನ ಹಿಂದೆ ಹುಲಗಪ್ಪ ಗಲಿಬಿಲಿಯಾಗಿ ತುತ್ತೂರಿ ಇಳಿಸಿದ. ಡೋಲಿನವರು ಒಬ್ಬೊಬ್ಬರಾಗಿ ನಿಂತರು. ಬಜಾರಿನಲ್ಲಿ ಇಬ್ಬರೇ ಉಳಿದರು. ಯಂಕೋಬ ಕೇಳಿದ, ಶಫೀಸಾಬ ಹೇಳಿದ. ಅಂಗಡಿಯವರು ತಕ್ಕಡಿ ಬಿಟ್ಟು ಹೊರಗೆ ಬಂದರು. ಧಾಟಿ ಮುಗಿದಾಗ ಶಫೀಸಾಬನ ಕಡೆಯ ಮದುಮಗನ ಸೋದರಮಾವ ಪಕೀರಪ್ಪ ಮುಂದೆ ನುಗ್ಗಿ ಬಂದ.

"ಏನ್ ಸಾಬ್ರ, ನಿಮ್ಮನ್ನ ಕರಸಿದ್ದು ನಾವೋ ಅವ್ರೋ? ನಮ್ಮ ಹುಡುಗನ್ನ ಗಟಾರಕ್ಕ ಸರಸಿದ್ರಲ್ರಿ!"

ಶಫೀಸಾಬ ತಲೆ ತಗ್ಗಿಸಿದ. ಸಂಜೆ ಅವನ ಬ್ಯಾಂಡಿನವರೇ, ಇನ್ನು ನಿನ್ನ ಜೊತೆ ಬರುವುದಿಲ್ಲ ಎಂದರು.

ಮರುದಿನ ಅವನು ಕ್ಲಾರಿಯೋನೆಟ್ ಹಿಡಿದು ಓಣಿ ದಾಟಿದ. ಬಾಗಿಲಲ್ಲಿ ಯಂಕೋಬನ ಹೆಂಡತಿ ಹಂಪವ್ವ ನಿಂತಿದ್ದಳು. "ಬಾರಣ್ಣ. ದಾರಿ ನೆನಪೈತೇನು?" ಎಂದು ಒಳಗೆ ಕರೆದಳು.

ಯಂಕೋಬ ಗೋಡೆಗೆ ಒರಗಿ ಕೂತಿದ್ದ. ಶಫೀಸಾಬ ಕೂತವನೇ ಅಂದ:

"ನನ್ನ ಬ್ಯಾಂಡ್ ಮುರೀತು. ನಿನ್ನ ಹಿಂದ ನಿಂದ್ರಾಕ ಬಂದೀನಿ."

ಯಂಕೋಬ ಮೇಲ್ದುಟಿ ಎತ್ತಿ ಮುಂದಿನ ಹಲ್ಲನ್ನು ಬೆರಳಿನಿಂದ ಅಲ್ಲಾಡಿಸಿ ತೋರಿಸಿದ. ಅದು ಬಾಗಿಲಿನ ಚಿಲಕದಂತೆ ಆಡಿತು.

"ಬಾಜೂಕಿಂದೂ ಹಿಂಗ ಐತಿ. ತುತ್ತೂರಿ ಹಲ್ಲಿಗೆ ಒತ್ತಿದ್ರ ಜೀವ ಹೋದಂಗ ಆಗ್ತೈತಿ. ನಿನ್ನಿ ನಾನ ನಿಲ್ಲಸಾಂವ ಇದ್ದೆ. ಹಳೀದು ಒಂದು ಊದಿ ಬಿಡೂನು ಅಂತ ಎತ್ತಿದೆ. ನೀ ಹಿಡದಿ."

"ಹಲ್ಲು ಕಟ್ಟಿಸ್ಕೊಳ್ಳೋ. ಗದಗಕ್ಕ ಹೋಗೂನು ನಡಿ."

"ಕಟ್ಟಿಸಿದ ಹಲ್ಲಿಲೆ ರೊಟ್ಟಿ ತಿನ್ನಬೌದು ಮಾರಾಯ. ಊದಾಕ ಬರೂದಿಲ್ಲ." ಯಂಕೋಬ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ನಗು ಬೇಗ ನಿಂತಿತು. "ಕ್ಲಾರಿಯೋನೆಟ್ ತಂದೀಯಲ್ಲ, ಊದು. ನಿನ್ನ ಪಾಲಿಂದಷ್ಟ ಊದು."

ಶಫೀಸಾಬ ಕಾದ. ಯಂಕೋಬನ ಮೂರು ಬೆರಳು ತುತ್ತೂರಿಯ ಗುಂಡಿ ಒತ್ತುವ ಹಾಗೆ ಮೊಣಕಾಲಿನ ಮೇಲೆ ಏರಿ ಇಳಿದವು. ಅವು ನಿಂತಾಗ ಶಫೀಸಾಬ ಜವಾಬು ಊದಿದ. ಮತ್ತೆ ಸುಮ್ಮನಾದ. ಬೆರಳುಗಳು ಮತ್ತೆ ಆಡಿದವು.

ಹಂಪವ್ವ ಒಳಗಿನಿಂದ ಕೇಳಿದಳು: "ಯಾಕಣ್ಣ, ನಡುನಡುವ ನಿಲ್ಲಸ್ತೀ?"

"ನಿಲ್ಲಸಿಲ್ಲ ತಂಗೆವ್ವ," ಎಂದ ಶಫೀಸಾಬ, ಯಂಕೋಬನ ಬೆರಳುಗಳಿಂದ ಕಣ್ಣು ತೆಗೆಯದೆ. "ಈಗ ಅಂವ ಊದಾಕತ್ಯಾನ."