ಕ್ಷಮಾಪಣೆ ಪತ್ರ ಬೇಡವೆಂದ ಮೇಷ್ಟ್ರು

ಶಾಲೆಯ ಆಫೀಸಿನಲ್ಲಿ ಗುಮಾಸ್ತೆಯಾಗಿ ಕೂತು ಹತ್ತೊಂಬತ್ತು ವರ್ಷವಾಯಿತು. ಇಷ್ಟು ವರ್ಷಗಳಲ್ಲಿ ನನಗೆ ಅತಿ ಹೆಚ್ಚು ಹೇಸಿಗೆ ಹುಟ್ಟಿಸಿದ್ದು ಹುಡುಗರ ಶೌಚಾಲಯವಲ್ಲ, ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿರುವ ನೀಲಿ ಫೈಲು. ಅದರ ತುಂಬ ಮಕ್ಕಳ ಕ್ಷಮಾಪಣೆ ಪತ್ರಗಳು. ತಡವಾಗಿ ಬಂದರೆ ಒಂದು, ಜಗಳವಾಡಿದರೆ ಒಂದು, ಎದುರು ಮಾತಾಡಿದರೆ ಒಂದು. ಕೆಳಗೆ ಅಪ್ಪನದೋ ಅಮ್ಮನದೋ ಸಹಿ. ಪತ್ರ ಬಂದರೆ ತಪ್ಪು ಮುಗಿಯಿತು, ಬರದಿದ್ದರೆ ಟಿ.ಸಿ. ಕೊಟ್ಟು ಮನೆಗೆ. ಇದು ನಮ್ಮ ಹೆಡ್ ಮೇಡಂ ತಂದ ಶಿಸ್ತು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂದು ಪ್ರತಿ ಪೋಷಕರ ಸಭೆಯಲ್ಲೂ ಹೇಳುತ್ತಾರೆ. ಪೋಷಕರು ತಲೆಯಾಡಿಸುತ್ತಾರೆ, ಕಾಫಿ ಕುಡಿದು ಹೋಗುತ್ತಾರೆ.

ಮಕ್ಕಳ ಬರಹ ಓದಲಾಗುತ್ತಿಲ್ಲ ಎಂದು ಒಂದು ಮಾದರಿ ಪತ್ರ ಟೈಪು ಮಾಡಿ ಕೊಟ್ಟವಳು ನಾನೇ. ತಿಂಗಳೊಳಗೆ ಗೇಟಿನ ಎದುರಿನ ಝೆರಾಕ್ಸ್ ಅಂಗಡಿಯವನು ಅದರ ಪ್ರತಿಗಳನ್ನು ಕ್ಲಿಪ್ಪು ಹಾಕಿ ನೇತುಹಾಕಿಬಿಟ್ಟ. ಹೆಸರಿಗೊಂದು ಖಾಲಿ ಜಾಗ, ತಪ್ಪಿಗೊಂದು ಖಾಲಿ ಜಾಗ. "ನನ್ನ ವರ್ತನೆಗೆ ನಾನು ಮನಸಾರೆ ನಾಚಿಕೊಳ್ಳುತ್ತೇನೆ" ಎಂಬುದು ಅಚ್ಚಾಗಿಯೇ ಸಿಗುತ್ತದೆ. ಇನ್ನೂ ತಪ್ಪು ಮಾಡದ ಮಕ್ಕಳ ಬ್ಯಾಗಿನಲ್ಲೂ ಸಹಿಯಾದ ಪತ್ರ ಇರುತ್ತಿತ್ತು. "ಪದೇಪದೇ ರಜ ಹಾಕಿ ಬರೋಕಾಗಲ್ಲ ಮೇಡಂ, ಹತ್ತು ಸಹಿ ಹಾಕಿ ಕಳಿಸಿದೀನಿ" ಎಂದು ಒಬ್ಬ ತಾಯಿ ನನಗೆ ಹೇಳಿದ್ದುಂಟು. ಅಂಥವನ್ನೂ ತೂತು ಹೊಡೆದು ಫೈಲಿಗೆ ಸೇರಿಸಿದೆ, ಸಂಬಳ ಅದಕ್ಕೇ ತಾನೆ.

ಈ ಪತ್ರಗಳನ್ನು ಮುಟ್ಟದಿದ್ದವರು ಒಬ್ಬರೇ, ಭೂಗೋಳದ ಮೇಷ್ಟ್ರು. ಒಂಬತ್ತನೆಯ ತರಗತಿಯ ಕ್ಲಾಸ್ ಟೀಚರು. ಸಣ್ಣ ಆಳು, ದೊಡ್ಡ ಕನ್ನಡಕ, ವರ್ಷಕ್ಕೆ ಎರಡೇ ಅಂಗಿ. ಅಕ್ಕನ ಮನೆಯ ಮಹಡಿಯಲ್ಲಿ ಒಬ್ಬರೇ ಇರುತ್ತಾರೆ. ಅವರಿಗೊಂದು ಅಭ್ಯಾಸ. ಸಂಜೆ ಗಂಟೆ ಹೊಡೆದ ಮೇಲೆ ಆಫೀಸಿಗೆ ಬಂದು, ನನ್ನ ಮೇಜಿನ ಫೋನಿನಿಂದ ಒಬ್ಬ ಹುಡುಗನದೋ ಹುಡುಗಿಯದೋ ಮನೆಗೆ ಫೋನು ಮಾಡುವುದು. ದೂರು ಹೇಳಲಿಕ್ಕಲ್ಲ. "ನಿಮ್ಮ ಮಗ ಇವತ್ತು ತನ್ನ ತಪ್ಪು ಉತ್ತರ ತಾನೇ ಒಪ್ಪಿಕೊಂಡ, ಅಷ್ಟು ಹೇಳೋಣ ಅಂತ ಮಾಡ್ದೆ" ಎನ್ನುವುದು. ಅತ್ತ ಕಡೆಯವರಿಗೆ ಎದೆ ಧಸಕ್ಕೆಂದಿರುತ್ತದೆ.

"ಅಯ್ಯೋ, ಏನು ಮಾಡ್ದ ಸಾರ್ ನಮ್ಮೋನು?"

"ಏನೂ ಮಾಡಿಲ್ಲಮ್ಮ. ಒಳ್ಳೇದು ಮಾಡ್ದ."

"ಮತ್ತೆ ಫೋನ್ ಯಾಕೆ ಮಾಡಿದ್ರಿ?"

ಈ ಪ್ರಶ್ನೆಗೆ ಮೇಷ್ಟ್ರು ಪ್ರತಿಸಲ ಪೆಚ್ಚಾಗುತ್ತಿದ್ದರು. ನಾನು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದೆ. ಆಮೇಲೆ ನನಗೇ ಗೊತ್ತಾಯಿತು, ಹಾಗೆ ಮಾತಿನ ಸಲಿಗೆ ಬೆಳೆದ ಮನೆಯವರು ಕಷ್ಟ ಬಂದಾಗ ಮೇಷ್ಟ್ರನ್ನು ಹುಡುಕಿಕೊಂಡು ಬರುತ್ತಿದ್ದರು. ಮಗ ಕದಿಯುತ್ತಿದ್ದಾನೆ, ಮಗಳು ಊಟ ಬಿಟ್ಟಿದ್ದಾಳೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ಮೇಷ್ಟ್ರು ತಪ್ಪು ಮಾಡಿದವರನ್ನು ಬಿಡುತ್ತಿರಲಿಲ್ಲ. ಯಾರಿಗೆ ನೋವಾಯಿತೋ ಅವರ ಎದುರು ಕೂರಿಸಿ, ನಡೆದದ್ದನ್ನು ನಡೆದ ಹಾಗೆ ಹೇಳಿಸಿ, ಕೆಡಿಸಿದ್ದನ್ನು ಸರಿಮಾಡಿಸುತ್ತಿದ್ದರು. ಅದಕ್ಕೆ ಒಂದು ವಾರವೂ ಹಿಡಿಯುತ್ತಿತ್ತು. ಝೆರಾಕ್ಸಿಗೆ ಅರ್ಧ ನಿಮಿಷ ಸಾಕು.

ಹೀಗಿರುವಾಗ ಬಸ್ ಡ್ರೈವರನ ಮಗಳ ವಿಷಯ ಬಂತು. ಒಂಬತ್ತನೆಯ ತರಗತಿಯಲ್ಲಿ ಅವಳ ಜೊತೆಯ ಹುಡುಗಿಯೊಬ್ಬಳು ಮೂರ್ಛೆ ಬಂದು ನೆಲಕ್ಕೆ ಬಿದ್ದಿದ್ದಾಳೆ, ಬಟ್ಟೆ ಒದ್ದೆಯಾಗಿದೆ. ಪೋಷಕರ ಸಮಿತಿಯ ಅಧ್ಯಕ್ಷರ ಮಗ ಅದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತಾ ನಗುತ್ತಿದ್ದಾನೆ. ಡ್ರೈವರನ ಮಗಳು ಮೊಬೈಲು ಕಿತ್ತುಕೊಂಡು ಕಿಟಕಿಯಿಂದ ಕೆಳಗೆಸೆದಳು. ಮಹಡಿ ಮೇಲಿಂದ ಬಿದ್ದದ್ದು ಪುಡಿಪುಡಿ. ಶಾಲೆಗೆ ಮೊಬೈಲು ತರಬಾರದೆಂಬ ಬೋರ್ಡು ನನ್ನ ತಲೆಯ ಮೇಲೆಯೇ ಇದೆ. ಆದರೂ ತಂದವನಿಗೆ ಪತ್ರವಿಲ್ಲ, ಮುರಿದವಳಿಗೆ ಪತ್ರ.

ಹುಡುಗಿ ಪತ್ರ ಬರೆಯಲಿಲ್ಲ. "ಮುರಿದಿದ್ದು ನಾನೇ. ಆದ್ರೆ ನಾಚಿಕೆ ಆಗ್ತಿದೆ ಅಂತ ಬರೆಯಲ್ಲ, ಯಾಕಂದ್ರೆ ಆಗ್ತಿಲ್ಲ" ಅಂದಳು. ಮೇಷ್ಟ್ರು ಹೆಡ್ ಮೇಡಂ ಹತ್ತಿರ ಹೋಗಿ, ಎರಡೂ ಮಕ್ಕಳನ್ನು, ಎರಡೂ ಮನೆಯವರನ್ನು ಒಟ್ಟಿಗೆ ಕೂರಿಸೋಣ, ಮೊಬೈಲು ಮುರಿದದ್ದು ತಪ್ಪೇ, ಅದನ್ನು ಅವಳೂ ಸರಿಮಾಡಲಿ, ಇವನು ಮಾಡಿದ್ದನ್ನು ಇವನೂ ಸರಿಮಾಡಲಿ ಎಂದರು. ಮೇಡಂ ಕೇಳುವುದಿರಲಿ, ತಲೆ ಎತ್ತಲೂ ಇಲ್ಲ. "ಮೇಷ್ಟ್ರೇ, ಶುಕ್ರವಾರದೊಳಗೆ ಪತ್ರ ಬರಬೇಕು. ಇಲ್ಲಾಂದ್ರೆ ಟಿ.ಸಿ." ವರ್ಷದ ನಡುವೆ ಟಿ.ಸಿ. ಹಿಡಿದು ಬಂದ ಹುಡುಗಿಯನ್ನು ಯಾವ ಶಾಲೆ ಸೇರಿಸಿಕೊಳ್ಳುತ್ತದೆ?

ಶುಕ್ರವಾರ ಡ್ರೈವರು ಖಾಕಿ ಅಂಗಿಯಲ್ಲೇ ಮಗಳ ಜೊತೆ ಬಂದ. ಕೈಯಲ್ಲಿ ಗೇಟಿನೆದುರಿನ ಝೆರಾಕ್ಸು, ಹೆಸರು ತುಂಬಿದ್ದು, ಸಹಿ ಹಾಕಿದ್ದು. ಮೇಡಂ ಕೋಣೆಯಲ್ಲಿ ಅಧ್ಯಕ್ಷರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. "ನನಗೆ ಹೊಸ ಮೊಬೈಲು ಬೇಡಪ್ಪ, ಮಕ್ಕಳಲ್ಲಿ ಸಂಸ್ಕಾರ ಬೇಕು" ಅಂದರು. ಸಂಸ್ಕಾರವಂತೆ, ಥೂ. ನಾನು ಬಾಗಿಲ ಬಳಿ ಫೈಲು ಹಿಡಿದು ನಿಂತಿದ್ದೆ, ಪಕ್ಕದಲ್ಲೇ ಮೇಷ್ಟ್ರು.

ಮೇಷ್ಟ್ರು ಡ್ರೈವರನಿಗೆ, "ಒಂದ್ಸಲ ಜೋರಾಗಿ ಓದಿಬಿಡಿ. ಮಗಳ ಹೆಸರಲ್ಲಿ ಕೊಡ್ತಿದೀರಲ್ಲ" ಅಂದರು.

ಆತ ತಡವರಿಸುತ್ತಾ ಓದಿದ. ನಾಚಿಕೊಳ್ಳುತ್ತೇನೆ ಎಂಬಲ್ಲಿಗೆ ಬಂದವನು ನಿಂತು, ಮಗಳನ್ನು ನೋಡಿದ. "ಆ ಹುಡುಗ ಮೊಬೈಲಲ್ಲಿ ಏನು ಮಾಡ್ತಿದ್ದ?"

ಆತನಿಗೆ ಯಾರೂ ಹೇಳಿರಲಿಲ್ಲ. ಮನೆಗೆ ಹೋದ ಚೀಟಿಯಲ್ಲಿ "ಸಹಪಾಠಿಯ ವಸ್ತು ನಾಶ" ಎಂದಷ್ಟೇ ಇತ್ತು. ಆ ಚೀಟಿ ಬರೆದವಳೂ ನಾನೇ. ಮಗಳು ನಾಲ್ಕು ಮಾತಿನಲ್ಲಿ ಹೇಳಿದಳು. ಅಧ್ಯಕ್ಷರು, "ಹುಡುಗಾಟ ಅದು, ವಯಸ್ಸು" ಎಂದರು. ಡ್ರೈವರು ಪತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡ.

"ಟಿ.ಸಿ. ಬರ್ಕೊಡಿ ಮೇಡಂ. ಇವಳು ಸುಳ್ಳು ಹೇಳೋದು ಕಲಿಯೋಕೆ ನಾನು ಗಾಡಿ ಓಡಿಸ್ತಿಲ್ಲ."

ಹುಡುಗಿಗೆ ಶಾಲೆ ಸಿಕ್ಕಿತು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಎರಡು ಶಾಲೆಯವರು ಟಿ.ಸಿ. ನೋಡಿ ಬಾಗಿಲಲ್ಲೇ ಕಳಿಸಿದರಂತೆ. ಮೂರನೆಯ ಕಡೆ ಮೇಷ್ಟ್ರು ರಜ ಹಾಕಿ ತಾವೇ ಹೋಗಿ, ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿಕೊಟ್ಟು ಸೇರಿಸಿದರು. ಅಷ್ಟರಲ್ಲಿ ಆರು ವಾರ ಕಳೆದಿತ್ತು. ಆ ಆರು ವಾರ ಹುಡುಗಿ ಮನೆಯಲ್ಲಿ ಕೂತದ್ದು ಯಾರಿಂದ ಎಂದು ಕೇಳಿ.

ಟಿ.ಸಿ.ಯ ಕೊನೆಯಲ್ಲಿ "ನಡತೆ" ಎಂದೊಂದು ಕಾಲಂ ಇರುತ್ತದೆ. ಹತ್ತೊಂಬತ್ತು ವರ್ಷ ಎಲ್ಲರಿಗೂ "ಉತ್ತಮ" ಎಂದೇ ಬರೆದಿದ್ದೇನೆ. ಬೆಂಚು ಸುಟ್ಟವನಿಗೂ ಉತ್ತಮ, ಪ್ರಶ್ನೆಪತ್ರಿಕೆ ಕದ್ದವನಿಗೂ ಉತ್ತಮ. ಅವತ್ತು ಮೇಡಂ ಒಳಗಿನಿಂದ ಇಂಟರ್‌ಕಾಮಿನಲ್ಲಿ, "ತೃಪ್ತಿಕರವಲ್ಲ ಅಂತ ಬರೆದು ತನ್ನಿ" ಎಂದರು. ಮೇಷ್ಟ್ರು ನನ್ನ ಮೇಜಿನ ಮುಂದೆಯೇ ನಿಂತಿದ್ದರು.

"ಅಮ್ಮಾ, ಆ ಕಾಲಂ ಖಾಲಿ ಬಿಡಿ. ಅದನ್ನ ತುಂಬೋದು ಕ್ಲಾಸ್ ಟೀಚರ್ ಕೆಲಸ. ನಾನು ಬರೆದು ಸಹಿ ಹಾಕ್ತೀನಿ, ಬೈಗುಳ ನನಗೇ ಬರಲಿ."

"ಆಗಲಿ ಸಾರ್" ಅಂದೆ. ಅವರು ನಂಬಿ, ಪೀರಿಯಡ್ಡಿನ ಗಂಟೆ ಹೊಡೆಯಿತೆಂದು ತರಗತಿಗೆ ಹೋದರು.

ಈ ಶಾಲೆ, ಈ ಪೋಷಕರು, ಈ ಅಧ್ಯಕ್ಷ ಎಂದು ಇಷ್ಟು ಹೊತ್ತು ಮೂಗು ಮುರಿದೆನಲ್ಲ, ಈಗ ನನ್ನ ಸರದಿ. ನನ್ನ ಮಗಳೂ ಅಲ್ಲೇ ಏಳನೆಯ ತರಗತಿಯಲ್ಲಿದ್ದಳು. ಮೇಡಂ ಕೆಂಗಣ್ಣು ಅವಳ ಮೇಲೆ ಬೀಳುವುದು ಬೇಡ ಎನಿಸಿತು. ಬೀಳುತ್ತಿತ್ತೋ ಇಲ್ಲವೋ, ಯಾರೂ ನನ್ನನ್ನು ಹೆದರಿಸಿರಲಿಲ್ಲ. ನಾನೇ ಮುಂಚಿತವಾಗಿ ಹೆದರಿದೆ. ಪೆನ್ನು ತೆಗೆದುಕೊಂಡು ದುಂಡಗೆ "ತೃಪ್ತಿಕರವಲ್ಲ" ಎಂದು ಬರೆದು, ಮೇಡಂ ಕೈಲಿ ಸಹಿ ಮಾಡಿಸಿ, ಸೀಲು ಒತ್ತಿದೆ. ಮೇಷ್ಟ್ರ ಪಾಠ ಮುಗಿಯುವ ಮೊದಲೇ ಎಲ್ಲ ಮುಗಿಸಿದೆ. ಅಷ್ಟು ಚುರುಕಾಗಿ ನಾನು ಯಾವ ಕೆಲಸವನ್ನೂ ಮಾಡಿದವಳಲ್ಲ.

ಡ್ರೈವರು ಕಾಗದ ತೆಗೆದುಕೊಂಡು ನಿಧಾನವಾಗಿ ಕೊನೆಯವರೆಗೂ ಓದಿದ. "ಇದನ್ನ ಯಾರು ಬರೆದಿದ್ದು ಮೇಡಂ?" ಎಂದ.

"ಮೇಲಿನವರು ಹೇಳಿದ್ದಪ್ಪ, ನಂದೇನಿದೆ ಇದರಲ್ಲಿ" ಅಂದೆ.

ಹುಡುಗಿ ಅಪ್ಪನ ತೋಳಿನ ಪಕ್ಕದಿಂದ ಬಗ್ಗಿ ನೋಡಿದಳು. ಅವಳ ಅಡ್ಮಿಶನ್ನಿನಿಂದ ಹಿಡಿದು ಮಾರ್ಕ್ಸ್ ಕಾರ್ಡಿನವರೆಗೆ ಎಲ್ಲವೂ ನಾನೇ ಬರೆದುಕೊಟ್ಟವು.

"ಇದು ನಿಮ್ಮ ಕೈಬರಹ ಅಲ್ವಾ ಆಂಟಿ?"

ಸಿಟ್ಟಿರಲಿಲ್ಲ ಅವಳಿಗೆ, ಸುಮ್ಮನೆ ಕೇಳಿದಳು. "ಮುರಿದಿದ್ದು ನಾನೇ" ಎಂದು ಒಪ್ಪಿಕೊಳ್ಳಲು ಆ ಹುಡುಗಿಗೆ ಒಂದು ಕ್ಷಣವೂ ಬೇಕಾಗಿರಲಿಲ್ಲ. ನಾನು ಟಿ.ಸಿ. ಪಡೆದವರು ಸಹಿ ಹಾಕುವ ರಿಜಿಸ್ಟರನ್ನು ಅವಳತ್ತ ತಿರುಗಿಸಿ, ಬೆರಳಿಟ್ಟು ಜಾಗ ತೋರಿಸಿದೆ.

"ಇಲ್ಲಿ ಸಹಿ ಮಾಡಮ್ಮ" ಅಂದೆ.