ಎರಡನೇ ಒಲೆ

ನಮ್ಮ ಮನೆಯಲ್ಲಿ ಉಣ್ಣುವವರು ಇಬ್ಬರು, ಒಲೆಯೂ ಎರಡು. ಇದನ್ನು ಮಾಡಿಕೊಂಡವಳು ನಾನೇ. ಬೇರೆ ಯಾರ ಮೇಲಾದರೂ ಹಾಕೋಣವೆಂದರೆ ಯಾರೂ ಸಿಗುವುದಿಲ್ಲ.

ಹೊನ್ನವಳ್ಳಿ ಹತ್ತಿರದ ಈ ಹಳ್ಳಿಗೆ ನಾನು ಸೊಸೆಯಾಗಿ ಬಂದು ಹದಿನೇಳು ವರ್ಷವಾಯಿತು. ಸುತ್ತ ಎಲ್ಲಿ ನೋಡಿದರೂ ತೆಂಗಿನ ತೋಟ, ಆದರೆ ಒಂದು ಗುಂಟೆಯೂ ನಮ್ಮದಲ್ಲ. ನಮ್ಮ ಯಜಮಾನರು ಲಾರಿ ಡ್ರೈವರು. ತಿಪಟೂರಿನಲ್ಲಿ ಕೊಬ್ಬರಿ ಹೇರಿಕೊಂಡು ಉತ್ತರದ ಕಡೆ ಹೋದರೆ ಬರುವುದು ಇಪ್ಪತ್ತು ದಿನಕ್ಕೋ ತಿಂಗಳಿಗೋ. ಬಂದರೆ ಎರಡು ದಿನ ಮಲಗಿ ನಿದ್ದೆ ತೀರಿಸಿಕೊಂಡು ಮತ್ತೆ ಹೊರಡುತ್ತಾರೆ. ನಮಗೆ ಮಕ್ಕಳಾಗಲಿಲ್ಲ. ಹಾಗಾಗಿ ನಾನು ಸಂಸಾರ ಮಾಡಿದ್ದು ಅತ್ತೆಯ ಜೊತೆ ಅಂದರೂ ತಪ್ಪಿಲ್ಲ. ಮಕ್ಕಳಿಲ್ಲವೆಂದು ಊರಿನಲ್ಲಿ ಎಲ್ಲರೂ ಒಂದಲ್ಲ ಒಂದು ದಿನ ನನ್ನನ್ನು ಚುಚ್ಚಿದ್ದಾರೆ. ಅತ್ತೆ ಮಾತ್ರ ಒಂದು ದಿನವೂ ಆ ಮಾತು ಆಡಲಿಲ್ಲ.

ಇಬ್ಬರೂ ಕೊಬ್ಬರಿ ಒಡೆಯುವ ಕೂಲಿಗೆ ಹೋಗುತ್ತೇವೆ. ವರ್ಷದ ಹತ್ತಿರ ಅಟ್ಟದ ಮೇಲೆ ಬಿದ್ದುಕೊಂಡು ಒಣಗಿದ ಕಾಯನ್ನು ಇಳಿಸಿ, ಗಂಡಸರು ಮಟ್ಟೆ ಸುಲಿದು ಕೊಡುತ್ತಾರೆ. ಹೆಂಗಸರು ಎದುರುಬದುರು ಕೂತು ಚಿಪ್ಪು ಬಿಡಿಸಬೇಕು. ಒಳಗಿನ ಕೊಬ್ಬರಿ ಒಡೆಯದೆ ಉಂಡೆಯಾಗಿಯೇ ಬರಬೇಕು, ಇಲ್ಲದಿದ್ದರೆ ತೋಟದವರ ಮುಖ ಗಂಟಾಗುತ್ತದೆ. ಸಂಜೆ ಮನೆಗೆ ಬಂದರೆ ಮುದ್ದೆ ತೊಳಸುವುದು ನಾನು, ಕಟ್ಟುವುದು ಅತ್ತೆ. ಸುಡುವ ಹಿಟ್ಟಿಗೆ ಕೈ ಹಾಕುವುದೆಂದರೆ ನನಗೆ ಮೊದಲಿನಿಂದಲೂ ಆಗದು.

ಆಮೇಲೆ ಸರ್ಕಾರದವರು ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ ಹಾಕಲು ಶುರುಮಾಡಿದರು. ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತೆ, ದುಡ್ಡು ಬಂದದ್ದೂ ಅವರ ಖಾತೆಗೇ. ಮೊದಲ ಕಂತಿನಲ್ಲಿ ಅವರು ನನಗೆ ಸೀರೆ ತರಲಿಲ್ಲ, ಮಗನಿಗೂ ಕೊಡಲಿಲ್ಲ. ತಿಪಟೂರಿಗೆ ಹೋಗಿ ಕನ್ನಡಕ ಮಾಡಿಸಿಕೊಂಡು ಬಂದರು. ಎಷ್ಟು ವರ್ಷದಿಂದ ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲವೋ, ಕೈ ಅಂದಾಜಿನಲ್ಲೇ ಕೊಬ್ಬರಿ ಒಡೆಯುತ್ತಿದ್ದರಂತೆ. ನನಗೂ ಹೇಳಿರಲಿಲ್ಲ. ಕನ್ನಡಕ ಹಾಕಿಕೊಂಡು ನನ್ನ ಮುಖ ನೋಡಿ, ‘ಏನೇ, ಇಷ್ಟೊಂದು ಕೂದಲು ಬೆಳ್ಳಗಾಗೈತಲ್ಲೇ ನಿಂದು’ ಅಂದರು. ನಾನು ನಕ್ಕೆ. ಒಳಗೆ ಮಾತ್ರ ಹೊಟ್ಟೆಕಿಚ್ಚು. ಮುಚ್ಚಿಡುವುದೇಕೆ?

ಕೇಳಿದರೆ ಅತ್ತೆ ಇಲ್ಲ ಅನ್ನುತ್ತಿರಲಿಲ್ಲ. ಆದರೆ ಕೇಳಬೇಕಿತ್ತಲ್ಲ. ಕೂಲಿಯ ದುಡ್ಡು ಅಕ್ಕಿ ಎಣ್ಣೆಗೆ ಸರಿಹೋಗುತ್ತಿತ್ತು. ಮಿಕ್ಕಿದ್ದಕ್ಕೆಲ್ಲ ನಾನು ಗಂಡನನ್ನು ಕೇಳಿಯೇ ಬದುಕಿದವಳು. ಒಳಗೆ ಹಾಕಿಕೊಳ್ಳುವ ಬಟ್ಟೆ ಹರಿದುಹೋದರೆ, ನಾಚಿಕೆಗೆ ತಲೆನೋವಿನ ಮಾತ್ರೆ ಬೇಕೆಂದು ಸುಳ್ಳು ಹೇಳಿ ದುಡ್ಡು ಈಸಿಕೊಳ್ಳುತ್ತಿದ್ದೆ. ನನ್ನ ಹೆಸರಿಗೇ ಬಂದು ಬೀಳುವ ದುಡ್ಡು ಹೇಗಿರುತ್ತದೋ ಒಂದು ಸಲ ನೋಡಬೇಕು ಅನ್ನಿಸಿತು.

ಆ ಹೊತ್ತಿಗೆ ಊರಿನಲ್ಲಿ ಎಷ್ಟೋ ಮನೆಯವರು ಕಾರ್ಡು ಬೇರೆ ಮಾಡಿಸಿಕೊಳ್ಳುತ್ತಿದ್ದರು. ಒಂದೇ ಮನೆಯಲ್ಲಿದ್ದರೂ ಒಲೆ ಬೇರೆ ಇದ್ದರೆ ಸಂಸಾರ ಬೇರೆ ಎಂಬುದು ಎಲ್ಲರ ಲೆಕ್ಕಾಚಾರ. ನಾನೂ ಅತ್ತೆಯ ತಲೆ ತಿಂದು ಒಪ್ಪಿಸಿದೆ. ಯಜಮಾನರಿಗೆ ಫೋನ್ ಮಾಡಿದರೆ, ‘ಏನಾರ ಮಾಡ್ಕಳ್ರಿ ಅತ್ತಾಗೆ’ ಅಂದರು. ಅರ್ಜಿ ಹಾಕಿ ಬಂದವಳೇ ಮನೆಯ ಪಕ್ಕದ ಗೋಡೆಗೆ ಇಳಿಸಿದ ಚಾಚು ಮಾಡಿನ ಕೆಳಗೆ ಮೂರು ಇಟ್ಟಿಗೆ ಇಟ್ಟು, ಕೆರೆ ಮಣ್ಣು ಮೆತ್ತಿ ಒಲೆ ಹೂಡಿದೆ. ಹೊಸ ಒಲೆ ಅಂತ ಗೊತ್ತಾಗಬಾರದೆಂದು ಒಂದಷ್ಟು ಚಿಪ್ಪು ಉರಿಸಿ ಮಸಿ ಹಿಡಿಸಿದೆ. ಎಂಥಾ ಜಾಣೆ ನಾನು! ಅತ್ತೆ ಗೋಡೆಗೊರಗಿ ನೋಡುತ್ತಿದ್ದರು.

ಪರಿಶೀಲನೆಗೆ ಬಂದವರಿಗೆ ಅವಸರವಿತ್ತು. ಬಾಗಿಲಲ್ಲೇ ನಿಂತು ಒಳಗೆ ಇಣುಕಿ, ‘ಒಲೆ ಬೇರೆ ಬೇರೆನಾ ಅಜ್ಜಿ?’ ಅಂತ ಕೇಳಿದರು. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಅತ್ತೆಗೆ ಗಾಬರಿ, ಇವರು ನಂಬದೆ ಹೋದರೆ ಸೊಸೆಗೆ ಸಿಗುವುದು ತಪ್ಪಿಹೋಗುತ್ತದಲ್ಲ ಅಂತ. ಹೋಗಿ ಆ ಹೊಸ ಒಲೆಯ ಮೇಲೆ ಅಂಗೈ ಇಟ್ಟುಬಿಟ್ಟರು. ‘ಬೇರೇನೆ ಕಣಪ್ಪ. ಈ ಒಲೆ ಆಣೆಗೂ ಬೇರೇನೆ.’

ಬಂದವರು ಬರೆದುಕೊಳ್ಳುತ್ತಲೇ ‘ಆಯ್ತು ಆಯ್ತು’ ಅಂದು ಹೊರಟುಹೋದರು. ಅವರಿಗೆ ಆಣೆ ಕೇಳಿಸಿತೋ ಇಲ್ಲವೋ.

ಆ ಸಂಜೆ ಎಂದಿನಂತೆ ಇಬ್ಬರಿಗೆ ಹಿಟ್ಟು ಹಾಕಿ, ಮುದ್ದೆ ಕಟ್ಟಲು ಅತ್ತೆಯನ್ನು ಕರೆದೆ. ಬರಲಿಲ್ಲ. ನೋಡಿದರೆ ಚಾಚು ಮಾಡಿನಲ್ಲಿ ಹೊಗೆ. ಅತ್ತೆ ಒಂದು ಸಣ್ಣ ಪಾತ್ರೆಯಲ್ಲಿ ಅನ್ನಕ್ಕಿಟ್ಟುಕೊಂಡು ಊದುತ್ತಾ ಕೂತಿದ್ದಾರೆ.

‘ಅತ್ತೆ, ಅವ್ರು ಹೋಗಿ ಎಷ್ಟೊತ್ತಾಯ್ತು. ಎದ್ದು ಬನ್ನಿ.’

‘ಆಣೆ ಇಟ್ಟಿದೀನಿ ಕಣೇ. ಈಗ ನಿನ್ನೊಲೇಲಿ ಉಂಡ್ರೆ ಸುಳ್ಳಾಯ್ತದೆ.’

‘ಯಾರು ನೋಡ್ತಾರೆ?’

‘ಒಲೆ ನೋಡಲ್ವಾ?’

ಎರಡು ದಿನದ ಹಟ, ತಾನಾಗೇ ಬರುತ್ತಾರೆ ಅಂದುಕೊಂಡೆ. ನಕ್ಕೆ, ಬೈದೆ, ಒಂದು ದಿನ ಅತ್ತೂ ನೋಡಿದೆ. ಹೊಟ್ಟೆನೋವೆಂದು ಸುಳ್ಳು ಹೇಳಿ ಮುದುಡಿ ಮಲಗಿದರೆ, ಅವರ ಒಲೆಯಲ್ಲೇ ಗಂಜಿ ಕಾಯಿಸಿ ತಂದು ನನ್ನ ಪಕ್ಕದಲ್ಲಿಟ್ಟು, ಹಣೆ ಮುಟ್ಟಿ ನೋಡಿ, ಉಣ್ಣಲು ತಮ್ಮ ಕಡೆಗೆ ಹೋದರು. ಕೆಲಸದಲ್ಲೂ ಹಾಗೇ. ಎದುರುಬದುರೇ ಕೂರುತ್ತೇವೆ, ಮಾತಾಡುತ್ತೇವೆ. ಮಧ್ಯಾಹ್ನ ಅವರ ಡಬ್ಬಿ ಅವರಿಗೆ, ನನ್ನ ಡಬ್ಬಿ ನನಗೆ. ಜಗಳವಾಗಿದ್ದರೆ ರಾಜಿ ಮಾಡಿಕೊಳ್ಳಬಹುದಿತ್ತು. ನಮ್ಮ ನಡುವೆ ಜಗಳವೇ ಇರಲಿಲ್ಲ.

ಒಬ್ಬಳಿಗೆ ಮುದ್ದೆ ಮಾಡುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ಅಷ್ಟು ಸ್ವಲ್ಪ ಹಿಟ್ಟಿಗೆ ಕೋಲೇ ಸರಿಯಾಗಿ ಆಡುವುದಿಲ್ಲ, ಗಂಟು ನಿಲ್ಲುತ್ತದೆ. ಕಟ್ಟಲು ಹೋಗಿ ಎಷ್ಟೋ ಸಲ ಕೈ ಸುಟ್ಟುಕೊಂಡೆ. ಕೊನೆಗೆ ನಾನೂ ದಿನಾ ಅನ್ನಕ್ಕಿಡತೊಡಗಿದೆ.

ಕೆಲವು ತಿಂಗಳ ಮೇಲೆ ನನ್ನ ಹೆಸರಿಗೂ ದುಡ್ಡು ಬಂತು. ನಾನೊಬ್ಬಳೇ ತಿಪಟೂರಿಗೆ ಹೋದೆ. ಬಟ್ಟೆ ಅಂಗಡಿಯಲ್ಲಿ ನನಗೆ ಏನು ಬೇಕೋ ಅದರ ಹೆಸರನ್ನೇ ಹೇಳಿ ಕೇಳಿದೆ, ಸುಳ್ಳು ಹೇಳಬೇಕಾಗಲಿಲ್ಲ. ಹೊರಗೆ ಬಂದು ಒಂದು ಮಸಾಲೆ ದೋಸೆ ತಿಂದೆ. ಆ ದಿನದ ಸಂತೋಷವನ್ನು ಸುಳ್ಳೆಂದರೆ ನನಗೇ ಮೋಸ ಮಾಡಿಕೊಂಡಂತೆ. ಆ ದುಡ್ಡು ಬೇಡವೆಂದು ಯಾರಾದರೂ ದೊಡ್ಡ ಮಾತಾಡಿದರೆ ನನಗೆ ಸಿಟ್ಟು ಬರುತ್ತದೆ. ಮನೆಗೆ ಬಂದಾಗ ಅತ್ತೆ ಊಟ ಮುಗಿಸಿ ತಟ್ಟೆ ತೊಳೆದು ಬೋರಲು ಹಾಕಿದ್ದರು. ತಂದದ್ದನ್ನು ಮಡಿಲ ಮೇಲಿಟ್ಟುಕೊಂಡು ನನ್ನ ಒಲೆಯ ಮುಂದೆ ತುಂಬ ಹೊತ್ತು ಕೂತಿದ್ದೆ.

ಒಂದು ದಿನ ಅವರೆಕಾಳು ಸಾರು ಮಾಡಿದ್ದೆ, ಅತ್ತೆಗೆ ಪ್ರಾಣ. ಒಲೆ ಬೇರೆಯಾದ ಮನೆಯವರೂ ಸಾರು ಕೊಟ್ಟು ತಗೊಂಡು ಮಾಡುವುದುಂಟಲ್ಲ ಎಂದು ಒಂದು ಬಟ್ಟಲು ಕೊಟ್ಟೆ. ಖುಷಿಯಾಗಿ ಈಸಿಕೊಂಡರು. ಬೆಳಗ್ಗೆ ಬಟ್ಟಲು ವಾಪಸ್ಸು ಬಂತು, ತೊಳೆದು, ಒಳಗೊಂದು ಅಚ್ಚು ಬೆಲ್ಲ ಇಟ್ಟು. ಪಕ್ಕದ ಮನೆಯವರ ಬಟ್ಟಲನ್ನು ಖಾಲಿ ಕೊಡಬಾರದಲ್ಲ, ಹಾಗೆ. ಬಟ್ಟಲು ಕೊಟ್ಟ ಅತ್ತೆಯ ಮುಖದಲ್ಲಿ ಕುಹಕವೇನೂ ಇರಲಿಲ್ಲ. ನಾನು ಒಳಗೆ ಬಂದು ಅತ್ತುಬಿಟ್ಟೆ.

ಸಾಕಪ್ಪ ಅನ್ನಿಸಿತು. ತಾಲ್ಲೂಕು ಆಫೀಸಿಗೆ ಹೋಗಿ ನನ್ನ ಕಾರ್ಡನ್ನು ವಾಪಸ್ಸು ಕೊಟ್ಟು, ಹೆಸರನ್ನು ಅತ್ತೆಯ ಕಾರ್ಡಿಗೇ ಸೇರಿಸಿಬಿಡುವುದೆಂದು ತೀರ್ಮಾನ ಮಾಡಿದೆ. ದುಡ್ಡು ನಿಂತರೆ ನಿಲ್ಲಲಿ. ಕೆಲಸಕ್ಕೆ ರಜೆ ಹಾಕಿ, ಒಳ್ಳೆ ಸೀರೆ ಉಟ್ಟು, ಕಾಗದಪತ್ರದ ಚೀಲ ಹಿಡಿದು ಹೊರಟವಳು ಅತ್ತೆಗೆ ವಿಷಯ ಹೇಳಿದೆ. ಒಲೆ ಒಂದಾದರೆ ಆಣೆಯೂ ಮುಗಿಯಿತು, ಇನ್ನಾದರೂ ಬನ್ನಿ ಅಂದೆ.

ಅತ್ತೆ ನನ್ನ ಕೈಯಿಂದ ಚೀಲ ಕಿತ್ತುಕೊಂಡರು. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿಯೇ ಇರಲಿಲ್ಲ.

‘ಬುದ್ಧಿ ಗಿದ್ಧಿ ಐತೇನೇ ನಿಂಗೆ? ಒಂದಿನ ಆಣೆ ಮುರಿದ್ರೆ ಒಲೆ ನನ್ನೇನು ತಿಂದಾಕ್ತಿತ್ತಾ? ಮೊದಲ್ನೇ ವಾರ ಅದೇ ಭಯ ಇತ್ತು, ನಿಜ. ಆಮೇಲೆ ಯೋಚ್ನೆ ಮಾಡ್ದೆ. ನಂಗೆ ವಯಸ್ಸಾಯ್ತು. ನನ್ನ ಮಗ ರೋಡಲ್ಲೇ ಇರೋನು. ನಿಂಗೆ ಹೊಟ್ಟೇಲಿ ಹುಟ್ಟಿದ್ದು ಒಂದಿಲ್ಲ. ನಾಳೆ ನಾನು ಹೋದ್ಮೇಲೆ ನೀನು ಒಬ್ಳೇ ಉಣ್ಬೇಕು. ಅವತ್ತು ಕಲಿಯಾಕೆ ಹೋದ್ರೆ ಗಂಟ್ಲಲ್ಲಿ ಇಳಿಯಲ್ಲ ಕಣವ್ವ. ಈಗ್ಲೇ ಕಲ್ತ್ಕೋ, ನಾನು ಗೋಡೆ ಆಚೆ ಇರೋವಾಗ್ಲೇ. ಆ ದುಡ್ಡು ನಿಂದು, ಬುಡಬ್ಯಾಡ.’

ಚೀಲವನ್ನು ತಮ್ಮ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ನಾನು ಸೀರೆ ಬಿಚ್ಚಿಟ್ಟು ಮಾಸಿದ್ದು ಉಟ್ಟುಕೊಂಡು ಕೊಬ್ಬರಿ ಒಡೆಯಲು ಹೋದೆ. ಅವರೂ ಬಂದು ಎದುರಿಗೇ ಕೂತರು.

ಈಗ ನನ್ನ ಖಾತೆಗೆ ದುಡ್ಡು ಬಂದರೆ ಫೋನು ಸದ್ದು ಮಾಡುತ್ತದೆ. ಹೋದ ವಾರವೂ ಬಂತು. ಹೇಳೋಣವೆಂದು ಸಂಜೆ ಅತ್ತೆಯ ಕಡೆಗೆ ಹೋದೆ. ಅವರು ತಟ್ಟೆ ತೊಳೆಯುತ್ತಿದ್ದರು. ತಲೆ ಎತ್ತಿ ನೋಡಿ, ‘ಬಾರವ್ವ, ಊಟ ಆಯ್ತಾ?’ ಅಂತ ಕೇಳಿದರು.

ಮನೆಗೆ ಬಂದವರನ್ನೆಲ್ಲ ಕೇಳುವ ಮಾತು ಅದು. ಇಷ್ಟು ವರ್ಷದಲ್ಲಿ ನನ್ನನ್ನು ಕೇಳಿದ್ದು ಅದೇ ಮೊದಲು. ಜೊತೆಗೆ ಕೂತು ಉಣ್ಣುವವಳನ್ನು ಯಾರು ಕೇಳುತ್ತಾರೆ?

‘ಆಯ್ತು ಅತ್ತೆ’ ಅಂದೆ. ಅನ್ನಕ್ಕೆ ಇನ್ನೂ ಎಸರೂ ಇಟ್ಟಿರಲಿಲ್ಲ.