ವೆಂಕಣ್ಣನ ಬಿಯರು, ನನ್ನ ಸಾರಣೆ

ನೆಲದೊಳಗಿಂದ ಹಬೆ ಏಳುವುದನ್ನು ನಾನು ಕಂಡದ್ದು ಪುಣೆಗೆ ಬಂದ ಮೇಲೆಯೇ. ಮಳೆಗಾಲದ ಒಂದು ಮಧ್ಯಾಹ್ನ ಹಲಗೆಯ ಸಂದುಗಳಿಂದ ಬೆಚ್ಚನೆಯ ಹಬೆ ಮೇಲೆ ಬಂದು, ನೋಡನೋಡುತ್ತ ಗೋಡೆಯೆಲ್ಲ ಬೆವರತೊಡಗಿತು. ಊರಿಂದ ತಂದ ಖಡಕ್ ರೊಟ್ಟಿ ಒದ್ದೆ ಬಟ್ಟೆಯಂತೆ ಮೆತ್ತಗಾಯಿತು. ನಮ್ಮ ಧಾರವಾಡದಲ್ಲೂ ಮಳೆ ಹಿಡಿದರೆ ಬಿಡುವುದಿಲ್ಲ. ಆದರೆ ಅಲ್ಲಿ ನೀರು ಮೇಲಿನಿಂದ ಬರುತ್ತದೆ, ಬೈಯಲು ಮೋಡವಾದರೂ ಇರುತ್ತದೆ.

ಮನೆಯವರಿಗೆ ಇಲ್ಲಿನ ಕಚೇರಿಯಲ್ಲಿ ಕೆಲಸ ಸಿಕ್ಕಿ ನಾವು ಬಂದದ್ದು. ವಾಡೆ ಎಂದರೆ ಇಲ್ಲಿ ಅಂಗಳದ ಸುತ್ತ ಹಲವು ಬಿಡಾರಗಳಿರುವ ದೊಡ್ಡ ಮನೆ. ಖೋಲಿ ಎಂದರೆ ಅದರಲ್ಲಿ ಒಂದು ಕೋಣೆ. ಕನ್ನಡದವರೆಂದರೆ ಬಾಗಿಲು ಹಾಕಿಕೊಳ್ಳುವ ಓಣಿಯಲ್ಲಿ ನಮಗೆ ಇಂಥ ವಾಡೆಯ ಮಹಡಿಯಲ್ಲಿ ಖೋಲಿ ಕೊಡಿಸಿದವನು ನಮ್ಮ ಕೆಳಗಿನ ಬಿಡಾರದ ವೆಂಕಣ್ಣ. ನಮ್ಮೂರವನೇ, ಲಷ್ಕರದಲ್ಲಿ, ಅಂದರೆ ದಂಡಿನ ಪೇಟೆಯಲ್ಲಿ, ಗುಮಾಸ್ತ. ಅವನ ಹೆಂಡತಿ ಗಂಗಕ್ಕನ ಜೊತೆ ಕೂತು ಕನ್ನಡ ಆಡಿದ ದಿನ ನನಗೆ ಊಟ ರುಚಿಸುತ್ತಿತ್ತು.

ಹಬೆ ಮತ್ತೆ ಮತ್ತೆ ಬಂತು. ಗೋಡೆಗೆ ಕಪ್ಪು ಬೂಸು ಹತ್ತಿತು. ಒಂದು ದಿನ ವಾಡೆಯ ಒಡತಿ, ಎಲ್ಲರೂ ಕಾಕೂ ಎಂದು ಕರೆಯುವ ಮುದುಕಿ, ಮೇಲೆ ಬಂದು "ಕಿತೀ ಪಾಣೀ ಸಾಂಡತಾ ತುಮ್ಹೀ!" ಎಂದು ರೇಗಿದರು. ಎಷ್ಟು ನೀರು ಚೆಲ್ಲುತ್ತೀರಿ ಎಂದು. ಗೋಡೆಯ 'ಓಲ್', ಅಂದರೆ ತೇವ, ನನ್ನಿಂದಲೇ ಅಂತೆ. ದಸರೆಯೊಳಗೆ ಖೋಲಿ ಬಿಡಬೇಕಂತೆ. ಯಾರು ಹೇಳಿದರೆಂದು ಕೇಳಿದೆ. ವೆಂಕಣ್ಣನೇ ಹೇಳಿದನಂತೆ.

ನನಗೆ ಮೈಯೆಲ್ಲ ಉರಿಯಿತು. ಮತ್ತೊಮ್ಮೆ ಹಬೆ ಎದ್ದಾಗ ನೆಲಕ್ಕೆ ಮುಖ ಹಚ್ಚಿ ಸಂದಿನಿಂದ ಇಣುಕಿದೆ. ಕಿಟಕಿ ಬಾಗಿಲು ಭದ್ರಮಾಡಿಕೊಂಡು ವೆಂಕಣ್ಣ ಹಂಡೆಯಲ್ಲಿ ಮೊಳೆತ ಜವೆಗೋದಿಯ ನೀರು ಕುದಿಸುತ್ತಿದ್ದ. ಪಕ್ಕದಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಭರಣಿಗಳು. ಲಷ್ಕರದ ಯಾವನೋ ಸೋಜರ ಸಿಪಾಯಿಯಿಂದ ಬಿಯರು ಮಾಡಲು ಕಲಿತಿದ್ದ! ಮಡಿವಂತರ ವಾಡೆಯಲ್ಲಿ ವಾಸನೆ ಹೊರಬೀಳಬಾರದೆಂದು ಹಬೆಯನ್ನೆಲ್ಲ ನನ್ನ ಪಾಲಿಗೆ ಬಿಟ್ಟು, ಅಪವಾದವನ್ನೂ ನನ್ನ ತಲೆಗೇ ಕಟ್ಟಿದ್ದ.

ಕಾಕೂಗೆ ಹೇಳಬಹುದಿತ್ತು. ನನ್ನ ಅರೆಬರೆ ಮರಾಠಿಯನ್ನು ಯಾರು ನಂಬುತ್ತಿದ್ದರು? ಅವನ ಗುಟ್ಟು ಅವನ ಕೈಯಿಂದಲೇ ಬಯಲಾಗಲಿ ಎಂದು ಹಟ ಹಿಡಿದೆ. ಕೆಮ್ಮಣ್ಣು, ಹೊಟ್ಟು, ಸಗಣಿ ಕಲಸಿ ಒಂದು ಸಂದನ್ನೂ ಬಿಡದೆ ಮೆತ್ತಿದೆ. ಕೆಂಡ ಇಟ್ಟು ಒಣಗಿಸಿ ಮೇಲೆ ಮತ್ತೊಮ್ಮೆ ಸಾರಿಸಿದೆ. ಅತ್ತೆಯ ಬೈಗುಳಕ್ಕೆ ಹೆದರಿಯೂ ನಾನು ಅಷ್ಟು ಅಚ್ಚುಕಟ್ಟಾಗಿ ಸಾರಿಸಿದವಳಲ್ಲ.

ಕೆಲವು ದಿನಗಳಲ್ಲೇ ವೆಂಕಣ್ಣ ಮೆಟ್ಟಿಲು ಹತ್ತಿ ಬಂದ.

"ತಂಗೀ, ನೆಲಾ ಯಾಕ ಇಷ್ಟು ಬಿಗಿ ಮಾಡೀದಿ? ಕೆಳಗ ಭಾಳ ಧಗಿ ಆಗೇದ."

"ನೆಲಾ ಸಾರಸೂದು ನಮ್ಮ ಕಡೆ ಪದ್ಧತಿ ಅಲ್ಲೇನ್ರೀ ಅಣ್ಣಾ? ಪುಣೇಕ ಬಂದು ಮರತ್ರೇನು?"

ಸಾರಿಸಿದ ನೆಲವನ್ನೊಮ್ಮೆ ದಿಟ್ಟಿಸಿ ಅವನು ಮೆಟ್ಟಿಲಿಳಿದ. ನನಗೆ ಹೋಳಿಗೆ ಊಟ ಉಂಡಷ್ಟು ಸಂತೋಷವಾಯಿತು.

ಆಮೇಲೆ ತಿಳಿಯಿತು, ಹಬೆಗೆ ದಾರಿ ಇಲ್ಲದೆ ಅವನ ತಲೆಯ ಮೇಲಿನ ಹಲಗೆಯೇ ತೊಟ್ಟಿಕ್ಕತೊಡಗಿತ್ತಂತೆ. ಭರಣಿಯ ಬಟ್ಟೆಗೆ ಬೂಸು ಹಿಡಿದು, ಒಳಗಿದ್ದುದೆಲ್ಲ ಹುಳಿಯಾಯಿತು. ಉಸಿರು ಕಟ್ಟಿ ಒಂದು ಬೆಳಗ್ಗೆ ಕಿಟಕಿ ತೆರೆದುಬಿಟ್ಟ. ಕಾಕೂ ಆಗ ಅಂಗಳದ ತುಳಸಿಗೆ ಪ್ರದಕ್ಷಿಣೆ ಹಾಕುತ್ತಿದ್ದರು. ವಾಸನೆ ಮೂಗಿಗೆ ಬಡಿದು ನಿಂತರು. "ಹಾ ಕಸಲಾ ವಾಸ?" ಇದೆಂಥ ನಾತ ಎಂದು ಕೂಗುತ್ತ ಒಳನುಗ್ಗಿದರು. ನಾನು ಮೇಲೆ ನಿಂತು ಕಣ್ತುಂಬ ನೋಡಿದೆ.

ಆ ವಾರವೇ ವೆಂಕಣ್ಣ ಗಂಟುಮೂಟೆ ಕಟ್ಟಿದ. ಕಾಕೂ ನನ್ನ ನೆಲ ಮುಟ್ಟಿ ನೋಡಿ, ನೀವು ಇಲ್ಲೇ ಇರಿ ಎಂದರು. ಟಾಂಗಾ ಹತ್ತುವ ಮುನ್ನ ಗಂಗಕ್ಕ ನನ್ನತ್ತ ತಿರುಗಿದಳು.

"ಖೋಲಿ ಉಳಿಸ್ಕೊಂಡ್ರಿ, ಛಲೋ ಆತು. ಇನ್ನ ಅದರಾಗ ಕೂತು ಯಾರ ಜೋಡಿ ಮಾತಾಡ್ತೀರಿ?"

ನಾನು ಮಾಡಿದ್ದು ತಪ್ಪೆಂದು ಇವತ್ತಿಗೂ ಅನಿಸುವುದಿಲ್ಲ. ಗೋಡೆ ಒಣಗಿದೆ. ತರಕಾರಿ ಮಂಡಿಯಲ್ಲಿ ಮರಾಠಿಯಲ್ಲೇ ಚೌಕಾಶಿ ಮಾಡುತ್ತೇನೆ. ಊರಿಗೆ ಹೋದರೆ ನಾನು ಪುಣೆಯವಳು, ಇಲ್ಲಿ ಕಾನಡೀ ಬಾಯಿ, ಅಂದರೆ ಕನ್ನಡದ ಹೆಂಗಸು. ಮನೆಯವರು ಕಚೇರಿಗೆ ಹೋದ ಮೇಲೆ ವೆಂಕಣ್ಣನ ನೆನಪಾದರೆ ಬಾಯ್ತುಂಬ ಕನ್ನಡದಲ್ಲೇ ಬೈಯುತ್ತೇನೆ. ಅದು ತಿಳಿಯುವವರು ಈ ವಾಡೆಯಲ್ಲಿ ಈಗ ಯಾರೂ ಇಲ್ಲ.